ಹಳೆಯ ಪೇಟಿಯ ಮೂಲ ಗುರುತಿಸುವ ಬಗೆ

ಹಳೇ ಹುಬ್ಬಳ್ಳಿಯ ಸಿದ್ಧಾರೂಢ ಮಠದ ಭಜನೆಯಿಂದ ಹಿಡಿದು ವೃತ್ತಿನಾಟಕ ಕಂಪನಿಗಳ ರಂಗದವರೆಗೆ, ಈ ಭಾಗದವರು ಪೇಟಿ ಎಂದು ಕರೆಯುವ ಹಾರ್ಮೋನಿಯಂ ತಲೆಮಾರುಗಳಿಂದ ಬಳಕೆಯಲ್ಲಿರುವ ವಾದ್ಯ. ಮನೆ ಮಠಗಳಲ್ಲಿ ಉಳಿದುಬಂದ ಹಳೆಯ ಪೇಟಿಯೊಂದು ಎಲ್ಲಿಯದೆಂದು ತಿಳಿಯಲು ಅದರ ಮುಂಭಾಗದ ಹೆಸರಿನ ಫಲಕವೊಂದೇ ಸಾಲದು. ಫಲಕವು ಬಹುಮಟ್ಟಿಗೆ ವಾದ್ಯವನ್ನು ಜೋಡಿಸಿದವರ ಇಲ್ಲವೆ ಮಾರಿದವರ ಹೆಸರನ್ನಷ್ಟೇ ತಿಳಿಸುತ್ತದೆ, ಒಳಗಿನ ಭಾಗಗಳು ಬೇರೆ ಊರಿನಿಂದ, ಬೇರೆ ದೇಶದಿಂದಲೂ ಬಂದಿರಬಹುದು.

ಮೊದಲು ಗಮನಿಸಬೇಕಾದುದು ಗಾಳಿಯೂಡುವ ಕ್ರಮವನ್ನು. ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೇನ್ 1842ರಲ್ಲಿ ಪೇಟೆಂಟ್ ಪಡೆದ ಹಾರ್ಮೋನಿಯಂ ಕಾಲಿನಿಂದ ತುಳಿಯುವಂಥದು. ಕಲ್ಕತ್ತೆಯ ದ್ವಾರಕಾನಾಥ ಘೋಷರು 19ನೆಯ ಶತಮಾನದ ಕೊನೆಯ ಭಾಗದಲ್ಲಿ ರೂಪಿಸಿದ ಪೇಟಿಯಲ್ಲಿ ತಿದಿ ಹಿಂಬದಿಗೆ ಸರಿದು, ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿಯೂಡುತ್ತ ಇನ್ನೊಂದರಿಂದ ನುಡಿಸುವುದು ಸಾಧ್ಯವಾಯಿತು. ಆದರೂ ಎರಡೂ ಕೈಗಳಿಗೆ ಬಿಡುವು ಕೊಟ್ಟು ದೊಡ್ಡ ದನಿ ಹೊರಡಿಸುವ ಕಾಲು ಹಾರ್ಮೋನಿಯಂ ಕಂಪನಿ ನಾಟಕಗಳಲ್ಲಿ ಉಳಿದುಕೊಂಡಿತು.

ಪೇಟಿಯ ಜೀವ ಅದರ ರೀಡು. ಹಿತ್ತಾಳೆಯ ಚೌಕಟ್ಟಿಗೆ ಒಂದೇ ತುದಿಯಲ್ಲಿ ಬಿಗಿದ ತೆಳು ನಾಲಿಗೆಯು ಗಾಳಿಗೆ ಕಂಪಿಸಿ ನಾದ ಹೊರಡಿಸುತ್ತದೆ. 42 ಸ್ವರಪಟ್ಟಿಗಳ, ಎರಡು ಸಾಲಿನ ಪೇಟಿಯಲ್ಲಿ ಇಂಥ 84 ರೀಡುಗಳಿರುತ್ತವೆ. ಹಳೆಯ ಪೇಟಿಗಳಲ್ಲಿ ಪ್ಯಾರಿಸ್ಸಿನ ಕಾಸ್ರಿಯೆಲ್, ಜರ್ಮನಿಯ ಜುಬಿಲೇಟ್ ರೀಡುಗಳಿಗೆ ವಿಶೇಷ ಬೆಲೆ. ದೇಶಿ ರೀಡುಗಳಿಗೆ ಗುಜರಾತಿನ ಪಾಲಿತಾಣ ಹೆಸರಾಗಿದೆ. ಆದ್ದರಿಂದ ಪ್ಯಾರಿಸ್ ಎಂಬ ಅಕ್ಷರ ಕಂಡ ಮಾತ್ರಕ್ಕೆ ಇಡೀ ಪೇಟಿಯನ್ನು ಅಲ್ಲಿಯದೆಂದು ತೀರ್ಮಾನಿಸಲಾಗದು.

ರೀಡಿನ ಮೇಲಿನ ಗೀರುಗಳು ವಾದ್ಯದ ಮುಂದಿನ ಬಾಳುವೆಯನ್ನು ತಿಳಿಸುತ್ತವೆ. ನಾಲಿಗೆಯ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಹನ್ನೆರಡು ಸ್ವರಗಳನ್ನು ಸಮಾನ ಅಂತರದಲ್ಲಿ ಕೂಡಿಸುವ ಪಾಶ್ಚಾತ್ಯ ಕ್ರಮದಲ್ಲಿ ಗಾಂಧಾರ, ಧೈವತಗಳು ತುಸು ಏರಿರುವುದರಿಂದ ಗಾಯಕರ ಷಡ್ಜಕ್ಕೆ ಹೊಂದುವಂತೆ ಅವನ್ನು ಇಳಿಸುವ ರೂಢಿಯಿದೆ. ಮೀಂಡು ಹೊರಡದ, ಸ್ವರಗಳು ಅಚಲವಾದ ವಾದ್ಯವೆಂಬ ಆಕ್ಷೇಪದಿಂದಲೇ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಸವಾಯಿ ಗಂಧರ್ವರ, ಗಂಗೂಬಾಯಿ ಹಾನಗಲ್ಲರ ಕಿರಾಣಾ ಗಾಯನ ಬೆಳೆದ ಹುಬ್ಬಳ್ಳಿ ಸೀಮೆಯಲ್ಲಿ, ಗಾಂಧಾರದ ಬುಡದಲ್ಲಷ್ಟೇ ಗೀರುಗಳಿರುವ ಪೇಟಿ ಸಿಕ್ಕರೆ ಅದು ಗಾಯನದ ಸಾಥಿಗಾಗಿ ಶ್ರುತಿಗೊಂಡಿರಬಹುದೆಂದು ಊಹಿಸಬಹುದು.

ಮೆರುಗೆಣ್ಣೆ ಬಳಿದು, ರೀಡುಗಳನ್ನು ಒಟ್ಟಾಗಿ ಬದಲಿಸಿದ ಪೇಟಿಯಲ್ಲಿ ಈ ಸಾಕ್ಷ್ಯಗಳೆಲ್ಲ ಅಳಿಯುತ್ತವೆ. ರಿಪೇರಿಗೆ ಮುನ್ನ ಒಳಭಾಗದ ಚಿತ್ರ ತೆಗೆದುಕೊಂಡು, ಕಳಚಿದ ಹಳೆಯ ರೀಡುಗಳನ್ನು ಸ್ವರದ ಹೆಸರು ಬರೆದು ಪೇಟಿಯೊಂದಿಗೇ ಕಾಯ್ದಿಡುವುದು ಉಚಿತ.