ಗೊದ್ದದ ರಾಣಿಗೆ ಬಾಣಂತನ

ಇರುವೆ ಸಾಲು ಕಂಡರೆ ಅರಿಶಿನಪುಡಿ ಹುಡುಕುವ ಕೈ ನಮ್ಮದು. ಅಂಥ ನಾನು ಒಂದು ಗೊದ್ದಕ್ಕೆ ಬಾಣಂತನ ಮಾಡಿದೆ ಅಂದರೆ ನೀವು ನಗಬಹುದು. ಪಿರಿಯಾಪಟ್ಟಣದ ನಮ್ಮಕ್ಕ ಈಗಲೂ ನಗುತ್ತಾಳೆ.

ಎರಡು ವರ್ಷದ ಹಿಂದೆ, ಮುಂಗಾರು ಹಿಡಿಯುವ ಹೊತ್ತು. ಹುಣಸೂರಿನ ನಮ್ಮ ಮನೆ ಜಗಲಿಯ ದೀಪದ ಕೆಳಗೆ, ರೆಕ್ಕೆ ಉದುರಿಸಿಕೊಂಡ ದಪ್ಪ ಕಪ್ಪು ಗೊದ್ದವೊಂದು ಓಡಾಡುತ್ತಿತ್ತು. ಮಗ ಅದನ್ನು ಹಿಡಿದು ಗಾಜಿನ ಕೊಳವೆಗೆ ಬಿಟ್ಟ. ತಳದಲ್ಲಿ ನೀರು, ನೀರಿಗೆ ಅಡ್ಡಲಾಗಿ ಹತ್ತಿ, ಬಾಯಿಗೂ ಹತ್ತಿ. ವಾರದೊಳಗೆ ರವೆಯ ಕಾಳಿನಂಥ ಹತ್ತು ಹನ್ನೆರಡು ಮೊಟ್ಟೆ! ಅಷ್ಟರಲ್ಲಿ ಮಗ ಮೈಸೂರಿನ ಹಾಸ್ಟೆಲಿಗೆ ಹೊರಟ. "ಅಮ್ಮ, ಕತ್ತಲಲ್ಲಿಡು. ತೆಗೆದು ನೋಡಬೇಡ, ತಿನ್ನೋಕೆ ಏನೂ ಹಾಕಬೇಡ" ಅಂದ.

ಹೆತ್ತವಳಿಗೆ ಊಟ ಹಾಕಬೇಡ ಅಂದರೆ ನಾವು ಕೇಳುತ್ತೇವೆಯೇ? ಬಾಣಂತಿಗೆ ಮೆಣಸಿನ ಸಾರು, ತುಪ್ಪ ಅಂತ ಓಡಾಡಿದವರು ನಾವು. ದಿನಕ್ಕೆ ಮೂರು ಸಲ ಹತ್ತಿ ತೆಗೆದು ಸಕ್ಕರೆ ನೀರಿಟ್ಟೆ. ನಾಲ್ಕನೇ ದಿನ ನೋಡಿದರೆ ಮೊಟ್ಟೆ ನಾಲ್ಕೇ ಉಳಿದಿದ್ದವು. ಉಳಿದದ್ದನ್ನು ಅವಳೇ ತಿಂದಿದ್ದಳು! "ಎಂಥಾ ತಾಯಿ" ಎಂದು ಬೈದೆ. ಫೋನಿನಲ್ಲಿ ಮಗ ಬೈದದ್ದು ನನ್ನನ್ನು.

ಆಮೇಲೆ ತಿಳಿಯಿತು. ಗೊದ್ದದ ರಾಣಿ ಮೊದಲ ಮಕ್ಕಳನ್ನು ಬೆಳೆಸುವುದು ಉಪವಾಸದಲ್ಲೇ. ರೆಕ್ಕೆ ಉದುರಿದ ಮೇಲೆ ಹಾರುವ ಸ್ನಾಯುಗಳಿಂದ ಕೆಲಸವಿಲ್ಲ. ಅವೇ ಕರಗಿ ಅವಳಿಗೂ ಮರಿಗಳಿಗೂ ಆಹಾರವಾಗುತ್ತವೆ. ಬೆಳಕು, ಅಲುಗಾಟದಿಂದ ಹೆದರಿದರೆ ತನ್ನ ಮೊಟ್ಟೆಯನ್ನೇ ತಿಂದು ಶಕ್ತಿ ಉಳಿಸಿಕೊಳ್ಳುತ್ತಾಳೆ. ಹಾಗಾಗಿ ಕೊಳವೆಗೆ ಬಟ್ಟೆ ಸುತ್ತಿ ಬೀರುವಿನಲ್ಲಿಟ್ಟು, ಸುಮ್ಮನಿರುವುದನ್ನು ಕಲಿತೆ. ನನಗೆ ಅದೇ ಕಷ್ಟದ ಕೆಲಸ.

ನಡುವೆ ಕೆಲವು ವಾರ ಅವಳು ಹೊಸ ಮೊಟ್ಟೆ ಇಡಲಿಲ್ಲ. ಅದೂ ಸಹಜವಂತೆ. ಇದ್ದ ಮರಿಗಳನ್ನು ಸಾಕುವುದೇ ಮೊದಲು. ಒಂದೂವರೆ ತಿಂಗಳಿಗೆ ಗೂಡಿನಿಂದ ಬಡಕಲು ಪುಟಾಣಿ ಕೆಲಸಗಾರ್ತಿಯರು ಹೊರಬಂದರು. (ಮಳೆಗೆ ಮುಂಚೆ ಇರುವೆಗಳು ಹೊತ್ತೊಯ್ಯುವುದನ್ನು ಮೊಟ್ಟೆ ಅನ್ನುತ್ತೇವಲ್ಲ, ಅವುಗಳಲ್ಲಿ ಬಹಳಷ್ಟು ಈ ಗೂಡೊಳಗಿನ ಮರಿಗಳೇ.) ಆಗ ಊಟ ಹಾಕಬಹುದು. ಸಕ್ಕರೆ ನೀರೊಂದೇ ಸಾಲದು, ಮೊಟ್ಟೆ ಇಡಲು ಸತ್ವ ಬೇಕು. ಬೇಯಿಸಿದ ಕೋಳಿಮೊಟ್ಟೆಯ ಹಳದಿ ಭಾಗ ಸಾಸಿವೆಯಷ್ಟು, ಅಥವಾ ಜಿರಲೆಯ ಕಾಲು. ಕೊಟ್ಟ ಕೆಲವೇ ದಿನಕ್ಕೆ ಮತ್ತೆ ಮೊಟ್ಟೆ ಶುರು.

ಧನುರ್ಮಾಸದ ಚಳಿಗೆ ಪೂರ್ತಿ ನಿಂತುಹೋಯಿತು. ಸಂಕ್ರಾಂತಿ ಕಳೆದರೂ ಇಲ್ಲ. ನನಗೆ ನಿದ್ದೆ ಬರಲಿಲ್ಲ, ಸುಳ್ಳಲ್ಲ. ಏಕೆಂದರೆ ಗೊದ್ದದಲ್ಲಿ ರಾಣಿ ಹೋದರೆ ಆ ಸಂಸಾರವೇ ಮುಗಿಯಿತು. ಅವಳು ಹಾರಾಟದ ಕಾಲದಲ್ಲಿ ಗಂಡಿನಿಂದ ಪಡೆದು ಹೊಟ್ಟೆಯಲ್ಲಿಟ್ಟುಕೊಂಡದ್ದೇ ಜೀವಮಾನದ ಗಂಟು. ಕೆಲಸಗಾರ್ತಿಯರಿಗೆ ಆ ಗಂಟಿಲ್ಲ. ಇಟ್ಟರೂ ಗಂಡು ಹುಟ್ಟುವ ಮೊಟ್ಟೆ ಮಾತ್ರ.

ನಮ್ಮ ಪಶ್ಚಿಮಘಟ್ಟದಲ್ಲಿ ಜಿಗಿಯುವ ಇರುವೆಯೊಂದಿದೆ. ಅದರ ಕಥೆಯೇ ಬೇರೆ. ರಾಣಿ ಸತ್ತರೆ ಕೆಲಸಗಾರ್ತಿಯರು ಮೀಸೆಯಿಂದ ಮೀಸೆಗೆ ಹೊಡೆದಾಡುತ್ತಾರೆ, ಗೆದ್ದವರು ಮೊಟ್ಟೆ ಇಡುತ್ತಾರೆ. ಅವರ ಮೊಟ್ಟೆಕೋಶ ಬೆಳೆದು ಮೆದುಳು ಸುಮಾರು ಐದನೇ ಒಂದು ಭಾಗ ಕುಗ್ಗುತ್ತದೆ! ಪಟ್ಟ ಬಿಟ್ಟು ಕೆಲಸಕ್ಕೆ ಮರಳಿದರೆ ಮೆದುಳೂ ಮತ್ತೆ ಬೆಳೆಯುತ್ತದೆ ಎಂದು ಅಮೆರಿಕದ ವಿಜ್ಞಾನಿಗಳು 2021ರಲ್ಲಿ ತೋರಿಸಿದರು. ಇದನ್ನು ಓದಿ ಹೇಳಿದಾಗ ನಮ್ಮ ಯಜಮಾನರು ನನ್ನ ಮುಖ ನೋಡಿದರು. ನಾನು ಮಾತನಾಡಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಒಂದು ಮಧ್ಯಾಹ್ನ ಬಟ್ಟೆ ಸರಿಸಿದೆ, ವಾರಕ್ಕೊಂದೇ ಸಲ ಈಗ. ರಾಣಿಯ ಕಾಲಬಳಿ ಬಿಳೀ ಮೊಟ್ಟೆಯ ಸಣ್ಣ ಗುಪ್ಪೆ. ಎಣಿಸುವ ಆಸೆಯಾಯಿತು, ಎಣಿಸದೆ ಮುಚ್ಚಿದೆ. ರಾತ್ರಿ ಮಗನಿಗೆ ಫೋನು ಮಾಡಿದರೆ, "ಎಷ್ಟಿದೆ ಅಮ್ಮ?" ಎಂದು ಅವನೇ ಕೇಳಬೇಕೇ!