ಕಲಸುಮೇಲೋಗರ: ಊಟದ ಎಲೆಯಿಂದ ಬೈಗುಳದವರೆಗೆ

ಪ್ರಾಜೆಕ್ಟ್ ರಿಪೋರ್ಟ್ ನೋಡಿದ ಗೈಡ್ "ಏನ್ರೀ ಇದು, ಪೂರ್ತಿ ಕಲಸುಮೇಲೋಗರ!" ಅಂದ್ರೆ ನಮಗೆ ತಕ್ಷಣ ಅರ್ಥ ಆಗುತ್ತೆ: ಒಂದಕ್ಕೊಂದು ಸಂಬಂಧ ಇಲ್ಲ, ತಲೆಬುಡ ಗೊತ್ತಾಗ್ತಿಲ್ಲ. ಆದರೆ ಈ ಬೈಗುಳದ ಮೂಲ ಇರೋದು ಊಟದಲ್ಲಿ.

ಪದವನ್ನು ಬಿಡಿಸಿ ನೋಡೋಣ. 'ಓಗರ' ಅಂದರೆ ಹಳೆಯ ಕನ್ನಡದಲ್ಲಿ ಅನ್ನ, ಊಟ. ಪುಳಿ, ಅಂದರೆ ಹುಳಿ, ಸೇರಿದ ಓಗರವೇ ಪುಳಿಯೋಗರೆ. ಓಗರದ ಮೇಲೆ ಹಾಕಿಕೊಳ್ಳುವ ಪಲ್ಯ, ಹುಳಿ, ಸಾರಿನಂಥದ್ದು ಮೇಲೋಗರ. ಉಡುಪಿ ಕಡೆ ತೆಂಗಿನಕಾಯಿ ಅರೆದು ಹಾಕಿ ಮಾಡುವ ಒಂದು ಪದಾರ್ಥಕ್ಕೆ ಇವತ್ತಿಗೂ ಮೇಲೋಗರ ಅಂತಲೇ ಹೆಸರು. ಎಲೆ ಮೇಲಿನ ಮೇಲೋಗರಗಳನ್ನೆಲ್ಲ ಒಟ್ಟಿಗೆ ಕಲಸಿಬಿಟ್ಟರೆ ಯಾವುದರ ರುಚಿಯೂ ಉಳಿಯಲ್ಲ. ಅದೇ ಕಲಸುಮೇಲೋಗರ.

'ಕಲಸು' ದ್ರಾವಿಡ ಪದ. ತಮಿಳಿನ 'ಕಲ', ತೆಲುಗಿನ 'ಕಲುಪು' ಇದರ ನೆಂಟರು. ಇದರ ಪಕ್ಕದಲ್ಲೇ 'ಬೆರೆಸು' ಇದೆ, ಆದರೆ ಕೆಲಸ ಬೇರೆ. ಹಿಟ್ಟು ಕಲಸ್ತೀವಿ, ಹಾಲಿಗೆ ನೀರು ಬೆರೆಸ್ತೀವಿ. ಜನರ ಜೊತೆ ಬೆರೀತೀವಿ. ಎರಡು ಧಾತುಗಳೂ ಕೂಡಿದರೆ ಮಾತ್ರ ಮೋಸದ ವಾಸನೆ: ಕಲಬೆರಕೆ.

ಭಾಷೆಯ ಕಲಬೆರಕೆ ಬಗ್ಗೆ ಜಗಳವೂ ಹಳೆಯದೇ. 12ನೇ ಶತಮಾನದ ನಯಸೇನ ತನ್ನ 'ಧರ್ಮಾಮೃತ'ದಲ್ಲಿ, ಕನ್ನಡದಲ್ಲಿ ಬರೀತೀನಿ ಅಂತ ಹೊರಟು ಸಂಸ್ಕೃತ ತುರುಕುವ ಕವಿಗಳನ್ನು ಗೇಲಿ ಮಾಡಿದ. ತುಪ್ಪಕ್ಕೆ ಎಣ್ಣೆ ಬೆರೆಸೋದು ಸರಿಯೇ ಅಂತ ಕೇಳಿದ. ತಮಾಷೆ ಅಂದ್ರೆ, ಅಲ್ಲಿ ತುಪ್ಪ, ಎಣ್ಣೆಗೆ ಅವನು ಬಳಸಿದ್ದು 'ಘೃತ', 'ತೈಲ' ಎಂಬ ಸಂಸ್ಕೃತ ಪದಗಳನ್ನೇ!

ಹಾಗಾದ್ರೆ ಬೆರೆಸೋದೇ ತಪ್ಪಾ? ಸಿವಿಲ್‌ನವರನ್ನು ಕೇಳಿ. ಸಿಮೆಂಟು, ಮರಳು, ಜಲ್ಲಿಯನ್ನು 1:1.5:3ರ ಅಳತೆಯಲ್ಲಿ ಕಲಸಿದರೆ ಎಂ20 ಕಾಂಕ್ರೀಟ್ ಆಗುತ್ತೆ. ಅವವೇ ವಸ್ತುಗಳನ್ನು ಮನಸ್ಸಿಗೆ ಬಂದಹಾಗೆ ಸುರಿದರೆ ಕಟ್ಟಡ ನಿಲ್ಲೋ ಭರವಸೆ ಇಲ್ಲ. ವ್ಯತ್ಯಾಸ ಇರೋದು ಅಳತೆಯಲ್ಲಿ.

ನಮ್ಮ ಕ್ಯಾಂಪಸ್ ಕನ್ನಡಕ್ಕೂ ಇದೇ ಲೆಕ್ಕ. "ಕೋಡ್ ರನ್ ಆಗ್ತಿಲ್ಲ" ಅನ್ನೋದರಲ್ಲಿ ತಪ್ಪೇನಿಲ್ಲ, ಆ ಪದಗಳಿಗೆ ಅಲ್ಲಿ ಕೆಲಸ ಇದೆ. ಆದರೆ "ಮದರ್‌ಗೆ ಫೀವರ್" ಅನ್ನುವಾಗ ಒಮ್ಮೆ ಯೋಚಿಸಬೇಕು. ಅಮ್ಮನೂ ಜ್ವರವೂ ನಮ್ಮ ಮನೆಯಲ್ಲೇ ಇದ್ದವಲ್ಲ!