ಕಾಣದ್ದು ಮತ್ತು ಇಲ್ಲದ್ದು: ಯೂಕ್ಲಿಡ್ ದೂರದರ್ಶಕದ ಗೆಲಾಕ್ಸಿ ಶೋಧವೂ ಅನುಕರಣೆಯ ವಿಧಾನವೂ

ದೊರೆತ ಆಕರಗಳ ಸಂಖ್ಯೆಯೇ ಇದ್ದ ಆಕರಗಳ ಸಂಖ್ಯೆಯಲ್ಲ ಎಂಬುದು ಸಂಶೋಧಕರಿಗೆ ತಿಳಿದ ವಿಷಯ. ಒಂದು ಶತಮಾನದ ಶಾಸನಗಳು ವಿರಳವಾಗಿ ದೊರೆತ ಮಾತ್ರಕ್ಕೆ ಆ ಕಾಲದಲ್ಲಿ ಶಾಸನ ಬರೆಸುವುದೇ ವಿರಳವಾಗಿತ್ತೆಂದು ತೀರ್ಮಾನಿಸಲಾಗದು. ಕ್ಷೇತ್ರಕಾರ್ಯ ಎಲ್ಲೆಲ್ಲಿ ನಡೆದಿದೆ, ಕಲ್ಲು ಎಷ್ಟು ಸವೆದಿದೆ ಎಂಬುದನ್ನೂ ಗಮನಿಸಬೇಕಾಗುತ್ತದೆ. ಖಗೋಳವಿಜ್ಞಾನದಲ್ಲಿಯೂ ಇದೇ ತೊಡಕು ಉಂಟು. ಆದರೆ ಅಲ್ಲಿ ಅದನ್ನು ಅಳೆಯುವ ಕ್ರಮವೊಂದು ರೂಪುಗೊಂಡಿದೆ. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಯೂಕ್ಲಿಡ್ ದೂರದರ್ಶಕವನ್ನು ನಿದರ್ಶನವಾಗಿಟ್ಟುಕೊಂಡು ಆ ಕ್ರಮವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2023ರ ಜುಲೈ 1ರಂದು ಉಡಾವಣೆಗೊಂಡ ಯೂಕ್ಲಿಡ್, ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿದ್ದು 2024ರ ಫೆಬ್ರವರಿಯಲ್ಲಿ ಸಮೀಕ್ಷೆಯನ್ನು ಆರಂಭಿಸಿತು. ಆಕಾಶದ ಸುಮಾರು ಮೂರನೆಯ ಒಂದು ಭಾಗದಲ್ಲಿ ಗೆಲಾಕ್ಸಿಗಳ ಹಂಚಿಕೆಯ ನಕ್ಷೆ ರಚಿಸಿ, ಆ ಮೂಲಕ ವಿಶ್ವದ ಹಿಗ್ಗುವಿಕೆಯ ಚರಿತ್ರೆಯನ್ನು ಅರಿಯುವುದು ಅದರ ಗುರಿ. ನಕ್ಷೆಗೆ ದೂರ ತಿಳಿಯಬೇಕು. ದೂರ ತಿಳಿಯಲು ರೋಹಿತ ಬೇಕು. ಹೈಡ್ರೋಜನ್ 656.3 ನ್ಯಾನೋಮೀಟರ್ ತರಂಗದೂರದಲ್ಲಿ ಸೂಸುವ ಕೆಂಪು ರೇಖೆಯು, ವಿಶ್ವ ಹಿಗ್ಗುತ್ತಿರುವುದರಿಂದ, ನಮ್ಮನ್ನು ತಲುಪುವಾಗ ಅವಕೆಂಪಿನತ್ತ ಸರಿದಿರುತ್ತದೆ. ಇದನ್ನು ಕೆಂಪು ಪಲ್ಲಟ ಎನ್ನುವರು. ಪಲ್ಲಟದ ಬೆಲೆ 1 ಆದಾಗ ರೇಖೆ 1312.6 ನ್ಯಾನೋಮೀಟರ್‌ನಲ್ಲಿ ಕಾಣುತ್ತದೆ. ಆ ಬೆಳಕು ಹೊರಟು ಸುಮಾರು 800 ಕೋಟಿ ವರ್ಷಗಳಾಗಿರುತ್ತವೆ.

ಇಲ್ಲಿ ಎರಡು ಮುಖ್ಯ ತೊಡಕುಗಳಿವೆ. ಮೊದಲನೆಯದಾಗಿ, ಯೂಕ್ಲಿಡ್‌ನ ರೋಹಿತಮಾಪಕದಲ್ಲಿ ಒಂದೊಂದೇ ಗೆಲಾಕ್ಸಿಯ ಬೆಳಕನ್ನು ಬೇರ್ಪಡಿಸುವ ಸೀಳುಗಂಡಿಯಿಲ್ಲ. ದೃಷ್ಟಿಕ್ಷೇತ್ರದ ಎಲ್ಲ ಕಾಯಗಳ ರೋಹಿತಗಳೂ ಒಟ್ಟಿಗೆ ಹರಡಿ, ಅಳಿಸಿ ಮತ್ತೆ ಬರೆದ ಓಲೆಯ ಅಕ್ಷರಗಳಂತೆ ಒಂದರ ಮೇಲೊಂದು ಬೀಳುತ್ತವೆ. ಆದ್ದರಿಂದ ಒಂದೇ ಪ್ರದೇಶವನ್ನು, ರೋಹಿತ ಹರಡುವ ದಿಕ್ಕನ್ನು ಬದಲಿಸುತ್ತ, ನಾಲ್ಕು ಬಾರಿ ಚಿತ್ರಿಸಲಾಗುತ್ತದೆ. ಎರಡನೆಯದಾಗಿ, ಮಸುಕಾದ ಗೆಲಾಕ್ಸಿಗಳಲ್ಲಿ ಹಲವು ವೇಳೆ ಒಂದೇ ರೇಖೆ ಕಾಣುತ್ತದೆ. 1312.6ರಲ್ಲಿರುವ ರೇಖೆ ಹೈಡ್ರೋಜನ್ನಿನದಾಗಿರದೆ, ಮೂಲದಲ್ಲಿ 500.7 ನ್ಯಾನೋಮೀಟರ್‌ನ ಆಮ್ಲಜನಕದ ರೇಖೆಯಾಗಿದ್ದರೆ, ಪಲ್ಲಟ 1 ಅಲ್ಲ, ಸುಮಾರು 1.62. ಈ ಒಂದು ಪಾಠಭೇದದಿಂದ ಕಾಲನಿರ್ಣಯದಲ್ಲಿ ಹೆಚ್ಚುಕಡಿಮೆ 200 ಕೋಟಿ ವರ್ಷಗಳ ವ್ಯತ್ಯಾಸ ಉಂಟಾಗುತ್ತದೆ.

ಈ ದೋಷಗಳ ಪ್ರಮಾಣವನ್ನು ತಿಳಿಯಲು ಅನುಕರಣೆಯನ್ನು ಆಶ್ರಯಿಸಲಾಗುತ್ತದೆ. ಗಣಕಯಂತ್ರದಲ್ಲಿ ಕಲ್ಪಿತ ಗೆಲಾಕ್ಸಿಗಳನ್ನು ನಿರ್ಮಿಸಿ, ಪ್ರತಿಯೊಂದಕ್ಕೂ ಸ್ಥಾನ, ಗಾತ್ರ, ಕಾಂತಿ, ಪಲ್ಲಟಗಳನ್ನು ಗೊತ್ತುಪಡಿಸಲಾಗುತ್ತದೆ. ಬಳಿಕ ದರ್ಪಣದ ಮಸುಕು, ಸೌರವ್ಯೂಹದ ಧೂಳು ಚದುರಿಸುವ ಹಿನ್ನೆಲೆ ಬೆಳಕು, ಸಂವೇದಕದ ಏರುಪೇರು ಇವೆಲ್ಲವನ್ನೂ ಸೇರಿಸಿ ಕೃತಕ ಚಿತ್ರಗಳನ್ನು ಪಡೆಯಲಾಗುತ್ತದೆ. ನಿಜವಾದ ಚಿತ್ರಗಳನ್ನು ಓದುವ ಕ್ರಮದಲ್ಲಿಯೇ ಇವನ್ನೂ ಓದಿಸಿ, ಬಂದ ಉತ್ತರವನ್ನು ಮೊದಲೇ ತಿಳಿದ ಉತ್ತರದೊಡನೆ ಹೋಲಿಸಲಾಗುತ್ತದೆ.

ಹೋಲಿಕೆಯಿಂದ ಎರಡು ಮಾನಗಳು ದೊರೆಯುತ್ತವೆ. ಉದಾಹರಣೆಗೆ, 100 ಗೆಲಾಕ್ಸಿಗಳನ್ನು ಇರಿಸಿದಾಗ ಯಂತ್ರವು 80ನ್ನು ಗುರುತಿಸಿ, ಅವುಗಳಲ್ಲಿ 60ರ ಪಲ್ಲಟ ಮಾತ್ರ ಸರಿಯಾಗಿದ್ದರೆ, ಪೂರ್ಣತೆ ಶೇ. 60, ಶುದ್ಧತೆ ಶೇ. 75. ಆಯ್ಕೆಯ ನಿಯಮವನ್ನು ಬಿಗಿಗೊಳಿಸಿದರೆ ಶುದ್ಧತೆ ಏರುತ್ತದೆ, ಪೂರ್ಣತೆ ಇಳಿಯುತ್ತದೆ. ಪೂರ್ಣತೆ ಎಲ್ಲೆಡೆ ಒಂದೇ ಆಗಿರುವುದಿಲ್ಲ ಎಂಬುದು ಇನ್ನೂ ಮುಖ್ಯ. ನಕ್ಷತ್ರಗಳು ದಟ್ಟವಾಗಿರುವ ದಿಕ್ಕಿನಲ್ಲಿ ರೋಹಿತಗಳು ಹೆಚ್ಚು ಬೆರೆತು ಅದು ಕುಗ್ಗುತ್ತದೆ. ಇದನ್ನು ಲೆಕ್ಕಿಸದಿದ್ದರೆ ಅಲ್ಲಿ ಗೆಲಾಕ್ಸಿಗಳೇ ಕಡಿಮೆ ಎಂಬ ಹುಸಿ ನಕ್ಷೆ ಸಿದ್ಧವಾಗಿ, ವಿಶ್ವದ ಬಗೆಗಿನ ತೀರ್ಮಾನವೂ ದಾರಿ ತಪ್ಪುತ್ತದೆ.

ಈ ವಿಧಾನಕ್ಕೂ ಮಿತಿಯುಂಟು. ನಾವು ಊಹಿಸಿದ ಗೆಲಾಕ್ಸಿಗಳನ್ನಷ್ಟೇ ಅನುಕರಣೆ ಪರೀಕ್ಷಿಸಬಲ್ಲದು. ಊಹೆ ತಪ್ಪಿದರೆ ಅಳತೆಯೂ ತಪ್ಪುತ್ತದೆ. ಆದಕಾರಣ ಮೂರು ಆಯ್ದ ಕ್ಷೇತ್ರಗಳನ್ನು ಯೂಕ್ಲಿಡ್ ಮತ್ತೆ ಮತ್ತೆ ಚಿತ್ರಿಸುತ್ತದೆ. ಅಲ್ಲಿ ದೊರೆಯುವ ಹೆಚ್ಚು ಪೂರ್ಣವೂ ಶುದ್ಧವೂ ಆದ ಪಟ್ಟಿಯೇ ಉಳಿದ ಸಮೀಕ್ಷೆಗೆ ಒರೆಗಲ್ಲು. ಕಂಡದ್ದನ್ನು ಪಟ್ಟಿಮಾಡುವುದರೊಡನೆ, ಕಾಣದೆ ಹೋದದ್ದು ಎಷ್ಟಿರಬಹುದೆಂದು ನಿರ್ಧರಿಸುವುದನ್ನೂ ಈ ವಿಧಾನವು ಸಂಶೋಧನೆಯ ಅಂಗವಾಗಿಸಿದೆ. ಆಕರಗಳ ಕೊರತೆಯ ನಡುವೆ ಕೆಲಸ ಮಾಡುವ ಯಾವುದೇ ಅಧ್ಯಯನಶಿಸ್ತೂ ಗಮನಿಸಬೇಕಾದ ಅಂಶವಿದು.